ತೇವವನ್ನು ಪಳಗಿಸಿದ ವಿಲ್ಲಿಸ್ ಕ್ಯಾರಿಯರ್

ಬೆಂಗಳೂರಿನಿಂದ ತಿರುಪತಿಗೆ ಹೊರಟ ವಾಹನಗಳು ಕೋಲಾರದ ನಂತರ ಮುಳಬಾಗಿಲನ್ನು ಹಾದುಹೋಗುತ್ತವೆ. ಮೂಡಣ ದಿಕ್ಕಿನ ಬಾಗಿಲೆಂದು ಹೆಸರಾದ ಈ ಊರನ್ನೂ ನಂಗಲಿಯನ್ನೂ ದಾಟಿ ಚಿತ್ತೂರಿನತ್ತ ಇಳಿದಂತೆ ಸೆಕೆ ಏರುತ್ತದೆ, ಕಾರಿನ ಏಸಿ ಚಾಲೂ ಆಗುತ್ತದೆ. ಮಳೆಗಾಲದಲ್ಲಿ ಎಷ್ಟೋ ಕಾರುಗಳಲ್ಲಿ ತಂಪಿನೊಂದಿಗೆ ಒದ್ದೆ ಗೋಣಿಚೀಲದಂಥ ಮುಗ್ಗಲು ವಾಸನೆಯೂ ಹೊರಬರುವುದುಂಟು. ಸುಗಂಧದ ಡಬ್ಬಿಯೊಂದನ್ನು ತೂಗುಹಾಕಿ ಅದನ್ನು ಮರೆಮಾಚುವವರೇ ಹೆಚ್ಚು. ಆದರೆ ವಾಸನೆಯ ಮೂಲ ನೀರು. ಹವಾನಿಯಂತ್ರಣದಲ್ಲಿ ಶಾಖದಷ್ಟೇ ನೀರೂ ಮುಖ್ಯವೆಂದು ನೂರು ವರ್ಷಗಳಿಗೂ ಹಿಂದೆ ತೋರಿಸಿಕೊಟ್ಟವರು ಅಮೆರಿಕದ ಎಂಜಿನಿಯರ್ ವಿಲ್ಲಿಸ್ ಹ್ಯಾವಿಲೆಂಡ್ ಕ್ಯಾರಿಯರ್.

ಕ್ಯಾರಿಯರ್ ಜನಿಸಿದ್ದು 1876ರ ನವೆಂಬರ್ 26ರಂದು, ನ್ಯೂಯಾರ್ಕ್ ರಾಜ್ಯದ ಆಂಗೋಲಾ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ. ಅವರು ಒಬ್ಬನೇ ಮಗ. ಬಾಲ್ಯದಲ್ಲಿ ಭಿನ್ನರಾಶಿಯ ಲೆಕ್ಕ ತಲೆಗೆ ಹತ್ತದಿದ್ದಾಗ ತಾಯಿ ಸೇಬುಹಣ್ಣುಗಳನ್ನು ಹೋಳುಮಾಡಿ ಅದನ್ನು ಮನದಟ್ಟು ಮಾಡಿಸಿದರು. ಮಗನಿಗೆ ಹನ್ನೊಂದು ವರ್ಷವಾಗಿದ್ದಾಗ ಆ ತಾಯಿ ತೀರಿಕೊಂಡರು. ಜಟಿಲವಾದುದನ್ನು ಬಿಡಿಸಿ ನೋಡುವ ಆಕೆಯ ಪಾಠ ಮಾತ್ರ ಉಳಿಯಿತು.

1901ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಕ್ಯಾರಿಯರ್ ಬಫೆಲೊ ಫೋರ್ಜ್ ಕಂಪನಿಯನ್ನು ಸೇರಿದರು. ವಾರಕ್ಕೆ ಹತ್ತು ಡಾಲರ್ ಸಂಬಳ. ಮರುವರ್ಷ ಬ್ರೂಕ್ಲಿನ್ನಿನ ಸ್ಯಾಕೆಟ್ ವಿಲ್‌ಹೆಲ್ಮ್ಸ್ ಮುದ್ರಣಾಲಯದ ಸಮಸ್ಯೆಯೊಂದು ಅವರ ಮುಂದೆ ಬಂದಿತು. ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗುತ್ತಿತ್ತು. ಒಂದರ ಮೇಲೊಂದು ಮುದ್ರಿಸಬೇಕಾದ ಬಣ್ಣಗಳು ಅತ್ತಿತ್ತ ಸರಿದು ಚಿತ್ರಗಳು ಹಾಳಾಗುತ್ತಿದ್ದವು. 1902ರ ಜುಲೈನಲ್ಲಿ, ಇಪ್ಪತ್ತೈದರ ಹರೆಯದ ಕ್ಯಾರಿಯರ್ ತಂಪು ಸುರುಳಿಗಳ ಮೇಲೆ ಗಾಳಿಯನ್ನು ಹಾಯಿಸಿ ಅದರ ತೇವವನ್ನು ಇಳಿಸುವ ವ್ಯವಸ್ಥೆಯ ನಕ್ಷೆ ಸಿದ್ಧಪಡಿಸಿದರು. ವರ್ಷವಿಡೀ ಸಾಪೇಕ್ಷ ಆರ್ದ್ರತೆಯನ್ನು ಶೇ. 55ರಲ್ಲಿ ನಿಲ್ಲಿಸುವುದು ಗುರಿ. ಆಧುನಿಕ ಹವಾನಿಯಂತ್ರಣದ ಮೊದಲ ಯೋಜನೆ ಹುಟ್ಟಿದ್ದು ಮನುಷ್ಯರ ಸುಖಕ್ಕಲ್ಲ, ಕಾಗದದ ಕ್ಷೇಮಕ್ಕೆ.

ಅದೇ ವರ್ಷ ಪಿಟ್ಸ್‌ಬರ್ಗಿನ ರೈಲುನಿಲ್ದಾಣದಲ್ಲಿ ದಟ್ಟ ಮಂಜಿನ ನಡುವೆ ನಿಂತಿದ್ದ ಕ್ಯಾರಿಯರ್ ಅವರಿಗೆ ಒಂದು ವಿಚಿತ್ರ ಉಪಾಯ ಹೊಳೆಯಿತು. ತಣ್ಣನೆಯ ನೀರಿನ ಸಿಂಪರಣೆಯ ಮೂಲಕ ಗಾಳಿಯನ್ನು ಹಾಯಿಸಿದರೆ ಅದರಲ್ಲಿನ ಹೆಚ್ಚುವರಿ ತೇವ ಹನಿಗಟ್ಟಿ ಬೀಳುತ್ತದೆ. ಅಂದರೆ ನೀರಿನಿಂದಲೇ ಗಾಳಿಯನ್ನು ಒಣಗಿಸಬಹುದು! ಈ ಉಪಕರಣಕ್ಕೆ 1906ರ ಜನವರಿ 2ರಂದು ಪೇಟೆಂಟ್ ದೊರೆಯಿತು. ಉಷ್ಣತೆ, ತೇವ ಮತ್ತು ಇಬ್ಬನಿ ಬಿಂದುಗಳ ಸಂಬಂಧವನ್ನು ಸೂತ್ರಗಳಲ್ಲಿ ಹಿಡಿದಿಟ್ಟ ಅವರ 1911ರ ಪ್ರಬಂಧ ಈ ಶಾಸ್ತ್ರದ ತಳಹದಿಯಾಯಿತು.

ಆದರೆ ಹಾದಿ ಸುಗಮವಾಗಿರಲಿಲ್ಲ. ಮಹಾಯುದ್ಧ ಆರಂಭವಾದ 1914ರಲ್ಲಿ ಬಫೆಲೊ ಫೋರ್ಜ್ ಈ ವಿಭಾಗದಿಂದ ಹಿಂದೆ ಸರಿಯಲು ನಿರ್ಧರಿಸಿತು. ಕ್ಯಾರಿಯರ್ ಮತ್ತು ಆರು ಮಂದಿ ಸಹೋದ್ಯೋಗಿಗಳು ತಮ್ಮ ಉಳಿತಾಯವನ್ನು ಪಣಕ್ಕಿಟ್ಟು 1915ರಲ್ಲಿ ಸ್ವಂತ ಕಂಪನಿ ಕಟ್ಟಿದರು. 1925ರಲ್ಲಿ ನ್ಯೂಯಾರ್ಕಿನ ರಿವೊಲಿ ಚಿತ್ರಮಂದಿರಕ್ಕೆ ಬೀಸಣಿಗೆ ಹಿಡಿದು ಬಂದ ಪ್ರೇಕ್ಷಕರು ಕ್ರಮೇಣ ಅವುಗಳನ್ನು ಮಡಿಲಲ್ಲಿ ಇಳಿಸಿದಾಗ ಆ ಸಾಹಸ ಗೆದ್ದಿತ್ತು. ಮುಂದೆ ಈ ವಿದ್ಯೆ ಭೂಗರ್ಭಕ್ಕೂ ಇಳಿಯಿತು. ಮುಳಬಾಗಿಲಿಗೆ ಸಮೀಪದ ಕೋಲಾರ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಆ ಗಣಿಯ ಕುದಿಶಾಖದಲ್ಲಿ ಕಾರ್ಮಿಕರು ದುಡಿಯಲು ಗಾಳಿಯನ್ನು ತಂಪುಗೊಳಿಸುವ ಯಂತ್ರಗಳೇ ನೆರವಾಗಿದ್ದವು.

ಕಾರಿನ ಏಸಿ ಕ್ಯಾರಿಯರ್ ಅವರ ಸೃಷ್ಟಿಯಲ್ಲ. 1939ರಲ್ಲಿ ಪ್ಯಾಕಾರ್ಡ್ ಕಂಪನಿ ಅದನ್ನು ಮೊದಲು ಪರಿಚಯಿಸಿತು. ಡಿಕ್ಕಿಯ ಬಹುಭಾಗವನ್ನು ನುಂಗಿದ್ದ ಆ ಯಂತ್ರವನ್ನು ನಿಲ್ಲಿಸಲು ಬೆಲ್ಟನ್ನೇ ಕಳಚಬೇಕಿತ್ತು. ಆದರೂ ತತ್ತ್ವ ಅದೇ, ಬ್ರೂಕ್ಲಿನ್ನಿನ ತಂಪು ಸುರುಳಿಯದು. ಡ್ಯಾಶ್‌ಬೋರ್ಡಿನ ಹಿಂದಿನ ಸುರುಳಿ ಇಬ್ಬನಿ ಬಿಂದುವಿಗಿಂತ ತಣ್ಣಗಾದಾಗ ಗಾಳಿಯ ತೇವ ಅದರ ಮೇಲೆ ಹನಿಗಟ್ಟಿ, ಕೊಳವೆಯ ಮೂಲಕ ಕಾರಿನ ಅಡಿಗೆ ಸುರಿಯುತ್ತದೆ. ಏಸಿಯನ್ನು ಆರಿಸಿದೊಡನೆ ಗಾಡಿ ನಿಲ್ಲಿಸಿದರೆ ಸುರುಳಿ ಒದ್ದೆಯಾಗಿಯೇ ಉಳಿಯುತ್ತದೆ. ಧೂಳು ಮತ್ತು ಪರಾಗ ಅಂಟಿದ ಆ ಕತ್ತಲ ಗೂಡಿನಲ್ಲಿ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅಲರ್ಜಿ ಹಾಗೂ ಆಸ್ತಮಾ ಇದ್ದವರಿಗೆ ಇದು ಬರೀ ವಾಸನೆಯ ಪ್ರಶ್ನೆಯಲ್ಲ.

ಪರಿಹಾರವೂ ಕ್ಯಾರಿಯರ್ ಅವರ ತರ್ಕದಲ್ಲಿಯೇ ಇದೆ: ತೇವವನ್ನು ನಿಲ್ಲಗೊಡಬಾರದು. ಊರು ತಲುಪುವ ನಾಲ್ಕೈದು ನಿಮಿಷ ಮುನ್ನ ಏಸಿಯನ್ನು ಆರಿಸಿ, ಹೊರಗಾಳಿಯನ್ನು ತೆರೆದು ಫ್ಯಾನನ್ನು ಮಾತ್ರ ಓಡಿಸಿದರೆ ಸುರುಳಿ ಬಹುಮಟ್ಟಿಗೆ ಒಣಗುತ್ತದೆ. ಮಳೆಯಲ್ಲಿ ಗಾಜು ಮಸುಕಾಗುವಂತಿದ್ದರೆ ಬಯಲಿನಲ್ಲಿ ಗಾಡಿ ನಿಲ್ಲಿಸಿದ ಮೇಲೆ ಹೀಗೆ ಮಾಡುವುದು ಕ್ಷೇಮ. ಅನೇಕ ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದಿರುವ ಕ್ಯಾಬಿನ್ ಫಿಲ್ಟರನ್ನು ಕೈಪಿಡಿ ಸೂಚಿಸುವಂತೆ ಬದಲಿಸಬೇಕು. ಮುಂಗಾಜಿನ ಬುಡದಲ್ಲಿ ಸೇರಿದ ಎಲೆಗಳನ್ನು ತೆಗೆಯಬೇಕು. ಏಸಿ ಓಡುವಾಗ ಕಾರಿನಡಿ ನೀರು ತೊಟ್ಟಿಕ್ಕದೆ ಒಳಗಿನ ಮ್ಯಾಟ್ ಒದ್ದೆಯಾದರೆ ಕೊಳವೆ ಕಟ್ಟಿರುವ ಸಂಭವವಿದೆ. ಅಷ್ಟಾದರೂ ವಾಸನೆ ಹೋಗದಿದ್ದಲ್ಲಿ ಮೆಕ್ಯಾನಿಕ್‌ನಿಂದ ಸುರುಳಿಯನ್ನೇ ಸ್ವಚ್ಛಗೊಳಿಸಬೇಕು. ಸುಗಂಧದ್ರವ್ಯ ಇವುಗಳಲ್ಲಿ ಒಂದನ್ನೂ ಮಾಡದು.

ಕ್ಯಾರಿಯರ್ 1950ರ ಅಕ್ಟೋಬರ್ 7ರಂದು ನ್ಯೂಯಾರ್ಕಿನಲ್ಲಿ ನಿಧನರಾದರು. ಏಸಿ ಸಾಮಾನ್ಯ ಕಾರುಗಳ ಅಂಗವಾದದ್ದನ್ನು ಅವರು ಕಾಣಲಿಲ್ಲ. ಗಾಳಿಯಿಂದ ನೀರನ್ನು ಬೇರ್ಪಡಿಸುವ ದಾರಿಯನ್ನು ಅವರು ತೋರಿಸಿ ಹೋದರು. ಬೇರ್ಪಟ್ಟ ನೀರನ್ನು ಹೊರಗೆ ಸಾಗಿಸುವ ಹೊಣೆ ಕಾರಿನ ಒಡೆಯರದು.