ಮಸಿ ಬಳಿದ ಪುಟ್ಟ ರೈಲು

ಆಟಿಕೆ ರೈಲು ಕಟ್ಟುವ ಹವ್ಯಾಸಿಗಳಿಗೆಲ್ಲ ಜಾನ್ ಅಲೆನ್ ಹೆಸರು ಗೊತ್ತು. ಹುಟ್ಟಿದ್ದು 1913ರಲ್ಲಿ, ಅಮೆರಿಕದ ಮಿಸೌರಿಯಲ್ಲಿ, ವೃತ್ತಿಯಿಂದ ಫೋಟೋಗ್ರಾಫರ್. 1946ರಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೇ ಸೇರಿ, ಮನೆಯಲ್ಲೇ ಉಗಿಬಂಡಿಯ ಕಾಲವನ್ನು ಕಟ್ಟತೊಡಗಿದ. ಅಳತೆ ನಿಜವಾದದ್ದರ 87ರಲ್ಲಿ ಒಂದು ಪಾಲು. ಬೆಟ್ಟಗಳು ಮಾತ್ರ ನೆಲಮಾಳಿಗೆಯ ನೆಲದಿಂದ ಸೂರಿನವರೆಗೆ! ರೈಲ್ವೆಯ ಹೆಸರು ಗೋರಿ ಅಂಡ್ ಡಿಫೀಟೆಡ್. ಇಂಗ್ಲಿಷಿನಲ್ಲಿ ಬರೆದಾಗ ಎರಡು ಊರುಗಳ ಹೆಸರಿನಂತೆ ಕಾಣುತ್ತೆ, ಬಾಯಿಬಿಟ್ಟು ಓದಿದರೆ ರಕ್ತ ಸುರಿಸಿ ಸೋತದ್ದು ಅಂತ ಅರ್ಥ. ನಮಗೆ ಕನ್ನಡದ ಗೋರಿಯೂ ನೆನಪಾದೀತು.

ನನಗೆ ಹಿಡಿಸಿದ್ದು ಅವನ ಮಸಿ, ತುಕ್ಕು. ಪುಟ್ಟ ಎಂಜಿನ್ನನ್ನು ಥಳಥಳ ಹೊಳೆಸಿ ಇಡೋರೇ ಹೆಚ್ಚಾಗಿದ್ದ ಕಾಲದಲ್ಲಿ ಈತ ಅದಕ್ಕೆ ಕೊಳೆ ಬಳಿದ. ದುಡಿದ ವಸ್ತು ಹೇಗೆ ಹಳತಾಗುತ್ತೆ ಅನ್ನೋದು ಕ್ಯಾಮೆರಾ ಹಿಡಿದ ಕಣ್ಣಿಗೆ ಗೊತ್ತಿತ್ತು. ಗೆಳೆಯರೊಂದಿಗೆ ಬಂಡಿ ಓಡಿಸುವಾಗ ಗಡಿಯಾರವನ್ನೂ ಜೋರಾಗಿ ಓಡಿಸುತ್ತಿದ್ದ. ಲೋಕಲ್ ಹಿಡಿಯುವ ನಮಗೆ ಅದೇನು ಹೊಸದಲ್ಲ ಬಿಡಿ.

1973ರ ಜನವರಿ 6ರಂದು ಹೃದಯಾಘಾತದಿಂದ ತೀರಿಕೊಂಡ. ಕೆಲವೇ ದಿನಗಳಲ್ಲಿ ಮನೆಗೆ ಬೆಂಕಿ ಬಿದ್ದು, ಇಷ್ಟು ವರ್ಷದ ದುಡಿಮೆ ಬಹುಪಾಲು ಬೂದಿಯಾಯಿತು. ಉಳಿದದ್ದು ಹೆಚ್ಚಾಗಿ ಅವನೇ ತೆಗೆದ ಫೋಟೋಗಳು. ನಾನು ನೋಡಿದ್ದೂ ಅವನ್ನೇ: ಕಣಿವೆ, ಸೇತುವೆ, ಮಸಿ ಹಿಡಿದ ಎಂಜಿನ್ನು.