ಪ್ರಳಯದ ಲೆಕ್ಕ ತಪ್ಪಿದ ಮೇಲೆ

1533ರ ಅಕ್ಟೋಬರ್ 19, ಬೆಳಗ್ಗೆ 8 ಗಂಟೆ. ಜಗತ್ತು ಮುಗಿಯಬೇಕಿದ್ದ ಹೊತ್ತು. ಜರ್ಮನಿಯ ಲೋಖೌ ಊರಿನ ಪಾದ್ರಿ ಮೈಕೆಲ್ ಸ್ಟೀಫೆಲ್ ಬೈಬಲ್ಲಿನ ಪದಗಳನ್ನು ಸಂಖ್ಯೆ ಮಾಡಿ, ಕೂಡಿ ಕಳೆದು, ಗಂಟೆ ಸಮೇತ ಪ್ರಳಯ ಘೋಷಿಸಿದ್ದ. ನಂಬಿದ ರೈತರು ಹೊಲದ ಕೆಲಸ ಬಿಟ್ಟಿದ್ದರು, ಕೈಯಲ್ಲಿದ್ದದ್ದನ್ನು ಖರ್ಚು ಮಾಡಿದ್ದರು. ಎಂಟು ಹೊಡೆಯಿತು. ಏನೂ ಆಗಲಿಲ್ಲ. ಆದದ್ದು ಸ್ಟೀಫೆಲ್‌ನ ಬಂಧನ ಮಾತ್ರ. ಕೆಲಸವೂ ಹೋಯಿತು.

ಹೈಸ್ಕೂಲಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಘಾತಾಂಕ ನಿಯಮಗಳನ್ನು ಮುಂದೆ ಅಚ್ಚುಕಟ್ಟಾಗಿ ಜೋಡಿಸಿಟ್ಟವನು ಇದೇ ಮನುಷ್ಯ. ಎಕ್ಸ್‌ಪೊನೆಂಟ್ ಅನ್ನೋ ಹೆಸರೂ ಅವನದ್ದೇ.

ಸ್ಟೀಫೆಲ್ ಹುಟ್ಟಿದ್ದು 1487ರ ಸುಮಾರಿಗೆ, ಎಸ್ಲಿಂಗೆನ್‌ನಲ್ಲಿ. ಕ್ರೈಸ್ತ ಮಠ ಸೇರಿ ಸನ್ಯಾಸಿಯಾದ. ಪೋಪ್ ಅಧಿಕಾರವನ್ನು ಪ್ರಶ್ನಿಸಿದ ಮಾರ್ಟಿನ್ ಲೂಥರ್ ಪರ ನಿಂತು, 1522ರಲ್ಲಿ ಊರು ಬಿಟ್ಟು ಓಡಬೇಕಾಯಿತು. ಪೋಪ್ ಮೇಲಿನ ಸಿಟ್ಟಿನಲ್ಲೇ ಅವನ ಲೆಕ್ಕದ ಹುಚ್ಚು ಬೆಳೆಯಿತು. ಹತ್ತನೇ ಲಿಯೋನ ಲ್ಯಾಟಿನ್ ಹೆಸರಿನಲ್ಲಿರುವ ರೋಮನ್ ಅಂಕಿಗಳನ್ನು ಆರಿಸಿ ಕೂಡಿದರೆ 1656 ಬರುತ್ತದೆ. ಅವನಿಗೆ ಬೇಕಿದ್ದದ್ದು ಸೈತಾನನ ಮೃಗದ ಸಂಖ್ಯೆ 666. ಸರಿ, ಸಾವಿರ ಸೂಚಿಸುವ ಎಂ ಅಕ್ಷರವನ್ನು ‘ರಹಸ್ಯ’ ಅಂತ ಪಕ್ಕಕ್ಕಿಟ್ಟ, ಹತ್ತು ಸೂಚಿಸುವ ಎಕ್ಸ್ ಸೇರಿಸಿದ. 666 ಬಂತು!

ಪ್ರಳಯದ ಲೆಕ್ಕ ಬೇಡ ಅಂತ ಲೂಥರ್ ಮೊದಲೇ ಎಚ್ಚರಿಸಿದ್ದ. ಕೇಳಲಿಲ್ಲ. ಆದರೂ ಅವನನ್ನು ಪಾರು ಮಾಡಿದ್ದು ಲೂಥರನೇ. 1535ರಲ್ಲಿ ಹೋಲ್ಜ್‌ಡಾರ್ಫ್‌ನಲ್ಲಿ ಮತ್ತೆ ಪಾದ್ರಿಯ ಕೆಲಸ ಸಿಕ್ಕಿತು. ಐವತ್ತರ ಆಸುಪಾಸಿನ ಸ್ಟೀಫೆಲ್ ಈಗ ವಿಟ್ಟೆನ್‌ಬರ್ಗ್‌ನಲ್ಲಿ ಗಣಿತ ಕಲಿಯಲು ಕೂತ. 1544ರಲ್ಲಿ ‘ಅರಿತ್ಮೆಟಿಕಾ ಇಂಟೆಗ್ರಾ’ ಬಂತು.

ಅದರಲ್ಲೊಂದು ಪುಟ್ಟ ಕೋಷ್ಟಕವಿದೆ. ಮೇಲಿನ ಸಾಲಿನಲ್ಲಿ 0, 1, 2, 3, 4, 5, 6. ಕೆಳಗೆ 1, 2, 4, 8, 16, 32, 64. ಕೆಳಗಿನ 8 ಮತ್ತು 4ನ್ನು ಗುಣಿಸಬೇಕೇ? ಅವುಗಳ ಮೇಲಿರುವ 3 ಮತ್ತು 2ನ್ನು ಕೂಡಿ. 5ರ ಕೆಳಗೆ ನೋಡಿ, 32. ನಾವು 2³ × 2² = 2⁵ ಅಂತ ಬರೆಯುವುದು ಇದನ್ನೇ. ಕೆಳಗೆ ಭಾಗಿಸಿದರೆ ಮೇಲೆ ಕಳೆಯಬೇಕು: 64ನ್ನು 8ರಿಂದ ಭಾಗಿಸಿದರೆ, 6ರಲ್ಲಿ 3 ಹೋಗಿ 3, ಅದರ ಕೆಳಗೆ 8.

ಎಂಜಿನಿಯರಿಂಗ್ ಮುಗಿಸಿದ ಮೇಲೂ 2⁰ ಯಾಕೆ 1 ಅಂತ ನಾನು ಕೇಳಿರಲಿಲ್ಲ. ಮೇಷ್ಟ್ರು ಹೇಳಿದ್ದರು, ಬರೆದಿದ್ದೆ, ಅಷ್ಟೇ. ಸ್ಟೀಫೆಲ್‌ನ ಕೋಷ್ಟಕದಲ್ಲಿ ಎಡಕ್ಕೆ ಒಂದೊಂದೇ ಹೆಜ್ಜೆ ಇಟ್ಟರೆ ಗೊತ್ತಾಗುತ್ತೆ. ಪ್ರತಿ ಹೆಜ್ಜೆಗೂ ಕೆಳಗಿನ ಸಂಖ್ಯೆ ಅರ್ಧವಾಗುತ್ತದೆ: 8, 4, 2, ಆಮೇಲೆ 1. ಆ 1ರ ಮೇಲೆ ಸೊನ್ನೆ ಬರಲೇಬೇಕು. ಆತ ಅಲ್ಲಿಗೇ ನಿಲ್ಲಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟು ಮೇಲೆ −1, ಕೆಳಗೆ 1/2 ಬರೆದ. ಋಣ ಸಂಖ್ಯೆಗಳನ್ನು ಅಸಂಬದ್ಧ ಅಂತಲೇ ಕರೆಯುತ್ತಿದ್ದವನು ಅವನು. ಆದರೂ ನಿಯಮ ಕರೆದುಕೊಂಡು ಹೋದ ಕಡೆ ಹೋದ.

ಪೋಪ್ ಹೆಸರಿನಲ್ಲಿ ಉತ್ತರ ಮೊದಲೇ ಇತ್ತು, ಅಡ್ಡ ಬಂದ ಅಕ್ಷರವನ್ನು ಕಿತ್ತುಹಾಕಿದ. ಕೋಷ್ಟಕದಲ್ಲಿ ಕಿತ್ತುಹಾಕೋಕೆ ಅವಕಾಶವೇ ಇರಲಿಲ್ಲ.

1547ರಲ್ಲಿ ಯುದ್ಧದಿಂದಾಗಿ ಮತ್ತೆ ಊರು ಬಿಟ್ಟ. ಕೊನೆಗೆ ಯೇನಾದಲ್ಲಿ ಗಣಿತ ಕಲಿಸುತ್ತಾ 1567ರಲ್ಲಿ ತೀರಿಕೊಂಡ. ಗುಣಾಕಾರವನ್ನು ಸಂಕಲನಕ್ಕೆ ಇಳಿಸುವ ಇದೇ ವಿಚಾರದ ಮೇಲೆ ನಿಂತ ಲಾಗರಿದಮ್ ಕೋಷ್ಟಕವನ್ನು ನೇಪಿಯರ್ ಪ್ರಕಟಿಸಿದ್ದು 1614ರಲ್ಲಿ.

ಇಲ್ಲಿಗೆ ಮುಗಿಸಿದ್ದರೆ ಚೆಂದದ ನೀತಿಕಥೆಯಾಗುತ್ತಿತ್ತು. ಆದರೆ 1553ರಲ್ಲಿ ಸ್ಟೀಫೆಲ್ ಪದಗಳ ಲೆಕ್ಕದ ಮೇಲೆ ಇನ್ನೊಂದು ಪುಸ್ತಕ ತಂದ. ಗಣಿತ ಬಲ್ಲವರೂ ತಮಗೆ ಬೇಕಾದ ಉತ್ತರದ ಆಸೆಗೆ ಬೀಳುತ್ತಾರೆ. ಹಾಗಾಗಿ ನಮ್ಮ ಪಕ್ಷದವರೇ ಇರಲಿ, ಎದುರು ಪಕ್ಷದವರೇ ಇರಲಿ, ಅಂಕಿಅಂಶ ಹಿಡಿದು ಬಂದಾಗ ಲೆಕ್ಕ ಯಾವ ವರ್ಷದಿಂದ ಶುರುವಾಗಿದೆ, ಯಾವುದನ್ನು ಬಿಟ್ಟಿದ್ದಾರೆ ಅಂತ ಕೇಳೋಣ. ಪಕ್ಕಕ್ಕಿಟ್ಟ ಆ ‘ಎಂ’ ಎಲ್ಲೋ ಇದ್ದೇ ಇರುತ್ತೆ.