ಹಕ್ಕಿಗೂ ಹೊಲದಾಗ ಪಾಲಿಟ್ಟ ಅರಳಗುಂಡಗಿಯ ಶರಣರು

ವಾಡಿ: ಕಲಬುರಗಿ ಅಪ್ಪನ ಗುಡಿಗೆ ಈ ಭಾಗದಿಂದ ಹೋಗದವರು ಕಡಿಮೆ. ಶ್ರಾವಣ ಬಂತಂದ್ರೆ ವಾಡಿ, ಶಹಾಬಾದ್, ಚಿತ್ತಾಪುರದ ಮಂದಿ ರೈಲು, ಬಸ್ಸು ಹಿಡಿದು ಹೋಗಿ, ಕಾಯಿ ಒಡೆಸಿ, ಪ್ರಸಾದ ಉಂಡು ಬರ್ತಾರೆ. ಆದ್ರೆ ಅಲ್ಲಿರೋ ಮಹಾದಾಸೋಹಿ ಶರಣಬಸವೇಶ್ವರರು ಮೊದಲು ಒಬ್ಬ ರೈತ ಆಗಿದ್ದರು, ಅವರ ದಾಸೋಹಕ್ಕೆ ಬೇರು ಇದ್ದದ್ದು ಹೊಲದಾಗ ಅನ್ನೋದನ್ನ ಈಗಿನ ಹುಡುಗರು ಕೇಳಿದ್ದು ಕಡಿಮೆ.

ಶರಣರು ಹುಟ್ಟಿದ್ದು 1746ರಲ್ಲಿ, ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ. ಎರಿ ಭೂಮಿ, ಮಳೆ ನಂಬಿದ ಬೇಸಾಯ. ಮಳೆ ಬಂದ್ರೆ ಕಣ ತುಂಬ ಜೋಳ, ಕೈಕೊಟ್ರೆ ಊರಿಗೆ ಊರೇ ಗುಳೆ. ಅವರಿಗೆ 45 ವರ್ಷ ಆದಾಗ, 1791-92ರ ಸುಮಾರಿಗೆ, ದಖ್ಖನ್ ಸೀಮೆಗೆ ಭೀಕರ ಬರ ಬಿತ್ತು. ಸತ್ತವರನ್ನ ಮಣ್ಣು ಮಾಡೋಕೂ ಮಂದಿ ಉಳಿಯದೆ ಬಯಲಾಗ ಬುರುಡೆ ಬಿದ್ದಿದ್ದವು ಅಂತ ಅದಕ್ಕೆ ತಲೆಬುರುಡೆ ಬರ ಅನ್ನೋ ಹೆಸರೇ ಬಂತು. ಅಂಥ ಕಾಲದಾಗ ಇನ್ನೊಬ್ಬರಿಗೆ ಒಂದು ರೊಟ್ಟಿ ಕೊಡೋದು ಅಂದ್ರೆ ಏನು ಅಂತ ಲೆಕ್ಕ ಹಾಕಿ ನೋಡಬೇಕು.

ಜೋಳ ಹಾಲು ತುಂಬೋ ಹೊತ್ತಿಗೆ ಹೊಲದಾಗ ಮಂಚಿಕೆ ಹಾಕಿ, ಕವಣಿ ಬೀಸಿ, ಕೂಗು ಹಾಕಿ ಹಕ್ಕಿ ಓಡಿಸೋದು ಎಲ್ಲ ರೈತರ ಕೆಲಸ. ಶರಣರು ಮಾತ್ರ ಕವಣಿ ಹಿಡಿಯಲಿಲ್ಲ. ತೆನಿ ತಿಂದ ಹಕ್ಕಿಗೆ ನೀರಡಿಕೆ ಆಗ್ತದಂತ ಗಡಿಗೆಯಲ್ಲಿ ನೀರು ಬೇರೆ ಇಡ್ತಿದ್ರು. ಊರಾಗ ಕೆಲವರಿಗೆ ಇದು ಹುಚ್ಚಾಟ ಅನ್ನಿಸಿರಬಹುದು. ಹಕ್ಕಿ ತಿಂದ್ರೂ ರಾಶಿ ಕಡಿಮೆ ಆಗಲಿಲ್ಲ ಅಂತ ಭಕ್ತರು ಇಂದಿಗೂ ಹೇಳ್ತಾರೆ. ಕಳ್ಳತನಕ್ಕೆ ಬಂದವನ ತಲೆಗೆ ಶರಣರೇ ಜೋಳದ ಗಂಟು ಎತ್ತಿಟ್ಟರು ಅನ್ನೋ ಕಥೆನೂ ಇದೆ. ಪವಾಡ ನಂಬೋದು ಬಿಡೋದು ಅವರವರ ಮನಸ್ಸಿಗೆ ಬಿಟ್ಟದ್ದು. ಆದ್ರೆ ಆ ಹೊಲಕ್ಕೆ ಬೇಲಿ ಇದ್ದಿಲ್ಲ ಅನ್ನೋದು ಎಲ್ಲ ಕಥೆಯಲ್ಲೂ ಒಂದೇ. ಹಕ್ಕಿಗೆ ಬಿಟ್ಟ ಹೊಲಕ್ಕೆ ಹಸಿದ ಮನುಷ್ಯನೂ ಅಂಜದೆ ಬರ್ತಿದ್ದ.

ದುಡಿಮೆ ಮತ್ತು ಹಂಚಿ ತಿನ್ನೋದು, ಅಂದ್ರೆ ಕಾಯಕ ಮತ್ತು ದಾಸೋಹ, 12ನೇ ಶತಮಾನದಲ್ಲಿ ಬಸವಣ್ಣನವರು ಹಾಕಿಕೊಟ್ಟ ದಾರಿ. ಶರಣರು ಅದನ್ನ ಒಕ್ಕಲುತನಕ್ಕೆ ಹೊಂದಿಸಿದರು. ಬೆಳೆದದ್ದು ಮನೆಗೆ ಬಂದವರಿಗೆ, ಜಂಗಮರಿಗೆ, ದಾರಿಹೋಕರಿಗೆ ಖರ್ಚಾಗ್ತಿತ್ತು. ಇಲ್ಲಿ ಒಂದು ಮಾತು ಹೇಳಲೇಬೇಕು. ಕಥೆ ಹೇಳೋರು ಶರಣರ ಹೆಸರಷ್ಟೇ ಹೇಳ್ತಾರೆ. ನಸುಕಿನಾಗ ಎದ್ದು ಬೀಸುಕಲ್ಲು ತಿರುವಿ, ಅಷ್ಟು ಮಂದಿಗೆ ರೊಟ್ಟಿ ಬಡಿದವರು ಆ ಮನೆಯ ಹೆಣ್ಣುಮಕ್ಕಳು.

ಈಗ ಇಂಗ್ಲೆಂಡಿನಲ್ಲಿ ಒಂಟಿತನ, ಮನಸ್ಸಿನ ಬ್ಯಾನಿ ಇದ್ದವರಿಗೆ ಗುಳಿಗೆ ಜೊತೆಗೆ ತೋಟದ ಕೆಲಸ, ಗುಂಪಾಗಿ ಬಯಲಲ್ಲಿ ಅಡ್ಡಾಡೋದನ್ನೂ ಆಸ್ಪತ್ರೆ ವ್ಯವಸ್ಥೆಯಿಂದಲೇ ಸೂಚಿಸ್ತಾರೆ. ಈ ಸೀಮೆಗೆ ಅದು ಹೊಸದೇನಲ್ಲ. ಎಳ್ಳಮವಾಸ್ಯೆಗೆ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕಟ್ಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲೋದು, ಸೀತನಿಗೆ ಬೀಗರನ್ನ ಕರೆಯೋದು, ಮುಯ್ಯಾಳು ಕೆಲಸ ಎಲ್ಲವೂ ಮಂದಿಯನ್ನ ಹೊಲದಾಗ ಕೂಡಿಸೋ ಪದ್ಧತಿಗಳೇ. ಚರಗ ಶರಣರು ಶುರು ಮಾಡಿದ್ದಲ್ಲ, ಒಕ್ಕಲು ಮಕ್ಕಳ ಹಳೇ ರೂಢಿ. ಆದ್ರೆ ಮಂದಿ ವರ್ಷಕ್ಕೊಂದು ದಿನ ಮಾಡಿದ್ದನ್ನ ಅವರು ಬದುಕಿನ ತುಂಬ ಮಾಡಿದರು.

ವಾಡಿಯಂಥ ಊರಿಗೆ ಇದು ನಾಟಬೇಕು. ಸಿಮೆಂಟ್ ಕಾರ್ಖಾನೆಗೆ, ರೈಲ್ವೆಗೆ ಅಂತ ಬೇರೆ ಬೇರೆ ಕಡೆಯಿಂದ ಬಂದವರು ಇಲ್ಲಿ ಬಹಳ. ಹೊಲ ಇಲ್ಲದ ಮನೆಯವರು ಎಳ್ಳಮವಾಸ್ಯೆ ದಿನ ಯಾರಾದರೂ ಕರೆದರೆ ಮಾತ್ರ ಹೊಲ ಕಾಣ್ತಾರೆ. ಕಲ್ಲು ಗಣಿಗೆ ಹೋದ ಭೂಮಿಯಲ್ಲಂತೂ ಚರಗ ಚೆಲ್ಲೋ ಮಾತೇ ಇಲ್ಲ.

ಮುಂದೆ ಶರಣರು ಅರಳಗುಂಡಗಿ ಬಿಟ್ಟು ಊರೂರು ತಿರುಗಿ ಕಲಬುರಗಿಗೆ ಬಂದರು. ಅಲ್ಲಿ ಆದಿ ದೊಡ್ಡಪ್ಪ ಶರಣರು ಅವರ ಜೊತೆಗೆ ನಿಂತರು. ಹೊಲದಾಗ ಇದ್ದ ದಾಸೋಹ ಪಟ್ಟಣದಾಗ ನೆಲೆ ನಿಂತದ್ದು ಹೀಗೆ. 1822ರಲ್ಲಿ ಶರಣರು ಲಿಂಗೈಕ್ಯರಾದರು. ದಾಸೋಹ ಪೀಠವನ್ನ ದೊಡ್ಡಪ್ಪ ಶರಣರ ಮನೆತನ ಮುಂದುವರಿಸಿಕೊಂಡು ಬಂದಿದೆ. ಗರ್ಭಗುಡಿಯಲ್ಲಿ ಶರಣರ ಜೊತೆಗೆ ಅವರ ಗುರು ಮರುಳಾರಾಧ್ಯರ ಮೂರ್ತಿಯೂ ಇದೆ, ಎರಡೂ ಜೋಡಿಯಾಗಿ.

ಹೋಳಿ ಹುಣ್ಣಿಮೆ ಆದ ಐದನೇ ದಿನ ತೇರು ಎಳೀತಾರೆ. ಅಷ್ಟೊತ್ತಿಗೆ ಹಿಂಗಾರಿ ಜೋಳದ ರಾಶಿ ಮುಗಿದಿರ್ತದೆ. ರೈತರು ಕೈ ತೊಳ್ಕೊಂಡು, ಮಕ್ಕಳು ಮರಿ ಕರ್ಕೊಂಡು ಬಂದು ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೀತಾರೆ. ಆಮೇಲೆ ದಾಸೋಹದ ಪಂಕ್ತಿಯಲ್ಲಿ ಗುರುತಿಲ್ಲದವರ ಪಕ್ಕ ಕೂತು ಉಣ್ತಾರೆ.